ಬಚ್ಚಲೊಲೆಯ ಮೇಲಿನ ಗಳ

1975ರ ಜುಲೈ ತಿಂಗಳ ಒಂದು ಸಂಜೆ ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಒಂಟಿಮನೆಯೊಂದರ ಜಗಲಿಯ ಕೆಳಗೆ ನಿಂತಿದ್ದೆ. ಹೊಸದಾಗಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಬಸ್ಸು ಇಳಿಸಿದಲ್ಲಿಂದ ಶಾಲೆಯ ಊರಿಗೆ ಏಳು ಮೈಲಿ. ನಾಲ್ಕು ಮೈಲಿ ನಡೆಯುವಷ್ಟರಲ್ಲಿ ಕತ್ತಲು ಕವಿಯಿತು. ಕೈಯಲ್ಲಿ ಕೊಡೆ ಇತ್ತು, ಆದರೆ ಆ ಸೀಮೆಯ ಮಳೆ ಗಾಳಿಯ ಜೊತೆ ಅಡ್ಡಕ್ಕೆ ಬೀಸುತ್ತದೆ. ಸೊಂಟದಿಂದ ಕೆಳಗೆ ಒಂದು ನೂಲೂ ಒಣಗಿರಲಿಲ್ಲ. ಪಂಚೆಯ ಅಂಚಿಗೆ ಉಂಬಳ ಕಚ್ಚಿದ ರಕ್ತ, ಮೊಣಕಾಲವರೆಗೆ ಕೆಂಪು ರಾಡಿ. ಚೀಲದಲ್ಲಿ ಇನ್ನೊಂದು ಪಂಚೆ, ಒಂದು ಅಂಗಿ, ಒಂದು ಪಾಣಿಪಂಚೆ. ಅವೂ ಅರ್ಧ ಒದ್ದೆ. ನನ್ನ ಹತ್ತಿರ ಇದ್ದ ಬಟ್ಟೆ ಅಷ್ಟೇ.

ಮನೆಯ ಅಮ್ಮ ಲಾಟೀನು ಎತ್ತಿ ಮುಖ ನೋಡಿದರು. ಊರು ಯಾವುದು, ಯಾರ ಪೈಕಿ ಎಂದು ಕೇಳುವ ಮೊದಲೇ ಹೇಳಿದರು: "ಬಚ್ಚಲಿಗೆ ಹೋಗಿ. ಹಂಡೇಲಿ ನೀರು ಬಿಸಿ ಇದೆ. ಒದ್ದೆ ಬಟ್ಟೆ ಹಿಂಡಿ ಒಲೆ ಮೇಲಿನ ಗಳಕ್ಕೆ ಹಾಕಿ. ಬೆಳಗಾಗೋದ್ರೊಳಗೆ ಒಣಗಿರ್ತದೆ."

ಮಲೆನಾಡಿನಲ್ಲಿ ಕಾಸಿಲ್ಲದ ದಾರಿಹೋಕ ಯಾರ ಮನೆಯಲ್ಲಾದರೂ ಬೇಡುತ್ತಿದ್ದುದು ಆ ಗಳದ ಮೇಲೆ ನಾಲ್ಕು ಮೊಳ ಜಾಗವನ್ನು. ನೀರನ್ನು ಯಾರೂ ಬೇಡಬೇಕಿರಲಿಲ್ಲ. ತೀರ್ಥಹಳ್ಳಿಗೆ ತುಂಗೆ ಇದ್ದಾಳೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರದ ಸೀಮೆಗೆ ಇಳಿಯುತ್ತಾಳೆ. ಗುಡ್ಡದ ಓರೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರು ಎಷ್ಟೋ ಮನೆಗಳ ಬಚ್ಚಲಿಗೆ ಹಗಲೂ ರಾತ್ರಿ ಬೀಳುತ್ತಿತ್ತು. ಒಗೆಯುವುದು ಇಲ್ಲಿ ಎಂದೂ ಕಷ್ಟವಾಗಿರಲಿಲ್ಲ, ಒಣಗಿಸುವುದೇ ಕಷ್ಟ. ಆದ್ದರಿಂದ ಈ ಮೂರು ತಾಲ್ಲೂಕುಗಳಲ್ಲಿ ಪ್ರಯಾಣಿಕರ ಬಟ್ಟೆಯ ಚರಿತ್ರೆ ಹೇಳಬೇಕೆಂದರೆ ನಾನು ಹೊಳೆಯ ದಡಕ್ಕಿಂತ ಹೆಚ್ಚು ಹೊತ್ತು ಒಲೆಯ ಪಕ್ಕ ಕೂರಬೇಕಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹೊಸನಗರದ ಹುಲಿಕಲ್ಲು ಅದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರು ಕುಡಿದು ತುಂಬಿರುತ್ತದೆ, ಇನ್ನು ಬಟ್ಟೆಯ ನೀರನ್ನು ಎಲ್ಲಿ ಕುಡಿದೀತು? ಜಗಲಿಯಲ್ಲಿ ಹರವಿದ ಪಂಚೆ ಮೂರನೆಯ ದಿನಕ್ಕೂ ತಣ್ಣಗೇ ಇರುತ್ತದೆ, ನಾಲ್ಕನೆಯ ದಿನಕ್ಕೆ ಬೂಷ್ಟು ಹಿಡಿದು ಕರಿ ಚುಕ್ಕೆ ಏಳುತ್ತದೆ. ಆ ಚುಕ್ಕೆ ಮತ್ತೆ ಹೋಗುವುದಿಲ್ಲ. ಹಾಗಾಗಿ ಬಚ್ಚಲೊಲೆ ಎಂದರೆ ಮೀಯುವ ನೀರು ಕಾಯಿಸುವ ಒಲೆ ಮಾತ್ರ ಆಗಿರಲಿಲ್ಲ. ಮಣ್ಣಿನ ಒಲೆಯಲ್ಲಿ ಹೂತ ತಾಮ್ರದ ಹಂಡೆ, ಅದರಡಿಗೆ ಸಂಜೆ ನೂಕಿದ ದೊಡ್ಡ ಕುಂಟೆ ಬೆಳಗಿನವರೆಗೆ ಸುಡುತ್ತಾ ಕೂತಿರುತ್ತಿತ್ತು. ಒಲೆಯ ಮೇಲೆ ಆಳೆತ್ತರಕ್ಕೆ ಎರಡೋ ಮೂರೋ ಬಿದಿರ ಗಳ. ಮನೆಮಂದಿಯ ಬಟ್ಟೆ ಅಲ್ಲಿ ಹೊಗೆಯನ್ನೂ ಶಾಖವನ್ನೂ ಒಟ್ಟಿಗೆ ಕುಡಿದು ಒಣಗುತ್ತಿತ್ತು. ಒಮ್ಮೊಮ್ಮೆ ಮಾಡಿನಿಂದ ಇಲ್ಲಣ ಉದುರಿ ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆದುಬಿಡುತ್ತಿತ್ತು. ಹಸುಗೂಸಿನ ಬಟ್ಟೆಗೆ ಬೇರೆ ಏರ್ಪಾಡು: ಕೆಂಡದ ಮಡಕೆಯ ಮೇಲೆ ಬಿದಿರ ಬುಟ್ಟಿ ಕವುಚಿ, ಅದರ ಬೆನ್ನ ಮೇಲೆ ಹರವುವುದು. ನಾವು ಓದಲಿಕ್ಕೆಂದು ಶಿವಮೊಗ್ಗಕ್ಕೆ ಹೋದಾಗ ಬಯಲುಸೀಮೆಯ ಹುಡುಗರು ನಮ್ಮ ಅಂಗಿ ಮೂಸಿಯೇ ಇವನು ಘಟ್ಟದ ಕಡೆಯವನು ಎಂದು ಹೇಳಿಬಿಡುತ್ತಿದ್ದರು. ಆ ವಾಸನೆ ನನಗೆ ಈಗಲೂ ಪ್ರಿಯ.

ನಾವು ಮಡಿವಾಳರು. ತೀರ್ಥಹಳ್ಳಿಯಿಂದ ಕೆಳಗೆ ತುಂಗೆಯ ದಡದಲ್ಲಿ ನಮ್ಮ ಮನೆ. ಅಪ್ಪ, ಅಜ್ಜ ಊರಿನ ಬಟ್ಟೆ ಒಗೆದು ಬಾಳಿದವರು. ಕತ್ತೆ ಸಾಕುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಗಂಟು ತಲೆಯ ಮೇಲೇ ಹೋಗಬೇಕು, ತಲೆಯ ಮೇಲೇ ಬರಬೇಕು. ನಮ್ಮ ಕುಲಕ್ಕೆ 12ನೇ ಶತಮಾನದ ಶರಣ ಮಡಿವಾಳ ಮಾಚಿದೇವ ಹಿರಿಯ. ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆದ ಅವನ ಹೆಸರನ್ನು ಅಪ್ಪ ಮೊದಲ ಬಟ್ಟೆ ಕಲ್ಲಿಗೆ ಅಪ್ಪಳಿಸುವ ಮುಂಚೆ ಹೇಳುತ್ತಿದ್ದರು.

ಒಗೆತಕ್ಕೆ ಬಯಲುಸೀಮೆಯಲ್ಲಿ ಸವಳು ಮಣ್ಣು ಸಿಗುತ್ತದೆ. ನಮ್ಮಲ್ಲಿ ಸಿಗುವುದಿಲ್ಲ, ಉಪ್ಪು ಮೇಲೇಳುವ ಮೊದಲೇ ಮಳೆ ತೊಳೆದುಕೊಂಡು ಹೋಗುತ್ತದೆ. ನಮಗೆ ಇದ್ದದ್ದು ಬೂದಿ. ಒಲೆಬೂದಿಯನ್ನು ಜರಡಿ ಹಿಡಿದು, ಮಡಕೆಯಲ್ಲಿ ನೀರು ಹಾಕಿ ರಾತ್ರಿಯಿಡೀ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಬೆರಳಿಗೆ ಜಾರುಜಾರಾಗಿ ಹತ್ತುವ ಆ ಬೂದಿತಿಳಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಜಿಡ್ಡನ್ನು ಕಚ್ಚಿ ಬಿಡಿಸುವ ಕ್ಷಾರ. ಅದರಲ್ಲಿ ಅದ್ದಿದ ಬಟ್ಟೆಗಳನ್ನು ದೊಡ್ಡ ಮಡಕೆಯ ಮೇಲೆ ಸುತ್ತಿ ಪೇರಿಸಿ, ಅಡಿಯಲ್ಲಿ ನೀರು ಕುದಿಸಿ ಹಬೆ ಹಿಡಿಸುವುದಕ್ಕೆ ಉಬ್ಬೆ ಹಾಕುವುದು ಎನ್ನುತ್ತೇವೆ. ರಾತ್ರಿ ಉಬ್ಬೆ ಇಟ್ಟರೆ ಬೆಳಿಗ್ಗೆ ಹೊಳೆ. ಬಣ್ಣದ ಬಟ್ಟೆಗೂ ರೇಷ್ಮೆಗೂ ಅಂಟವಾಳದ ಕಾಯಿ. ಅದರ ನೊರೆ ತಣ್ಣೀರಿನಲ್ಲೂ ಏಳುತ್ತದೆ, ಬಣ್ಣಕ್ಕೆ ಕೈ ಹಚ್ಚುವುದಿಲ್ಲ. ತುಂಗೆಯ ನೀರೂ ಮೆದು. 'ತುಂಗಾ ಪಾನ, ಗಂಗಾ ಸ್ನಾನ' ಎಂಬ ಮಾತು ಕುಡಿಯುವವರು ಕಟ್ಟಿದ್ದು. ಒಗೆಯುವವನನ್ನು ಕೇಳಿದ್ದರೆ ಅವನೂ ಇದೇ ನೀರಿನ ಹೆಸರು ಹೇಳುತ್ತಿದ್ದ. ಗಡಸು ನೀರಿನ ಊರಲ್ಲಿ ಸುರಿದ ಸೋಪಿನ ಕಾಲುಭಾಗ ಇಲ್ಲಿ ಸಾಕು.

ಮಳೆಗಾಲದಲ್ಲಿ ಅಪ್ಪ ಯಾರ ಬಟ್ಟೆಗೂ ಗಂಜಿ ಹಾಕುತ್ತಿರಲಿಲ್ಲ. ಗಂಜಿ ಕಂಡರೆ ಬೂಷ್ಟು ಓಡಿ ಬರುತ್ತದೆ. ರಕ್ತದ ಕಲೆಗೆ ಬಿಸಿನೀರು ಮುಟ್ಟಿಸಬಾರದು, ಮುಟ್ಟಿಸಿದರೆ ಅದು ಬಟ್ಟೆಯಲ್ಲೇ ಬೆಂದು ಕೂರುತ್ತದೆ. ಉಂಬಳದ ಕಾಲದಲ್ಲಿ ದಾರಿ ನಡೆದವರೆಲ್ಲರ ಪಂಚೆಯಂಚಿನಲ್ಲೂ ಆ ಕಲೆ ಇರುತ್ತಿತ್ತು. ಅಡಿಕೆಯ ಚೊಗರಿಗೆ ಮದ್ದೇ ಇಲ್ಲ. ಕೊನೆಕೊಯ್ಲಿನ ಹೊತ್ತಿಗೆ ಘಟ್ಟದ ಕೆಳಗಿನಿಂದ ಕೂಲಿಗೆ ಬರುತ್ತಿದ್ದವರ ಬಟ್ಟೆ ಎರಡೇ ವಾರದಲ್ಲಿ ಕಂದುಗೆಂಪಾಗುತ್ತಿತ್ತು. ಅವರು ಅದನ್ನು ಒಗೆಸುವ ಆಸೆಯನ್ನೇ ಬಿಟ್ಟು ಒಂದು ಜೊತೆಯನ್ನು ಸುಲಿಯುವ ಕೆಲಸಕ್ಕೆಂದೇ ಮುಡಿಪಾಗಿಡುತ್ತಿದ್ದರು. ಅದೇ ಚೊಗರನ್ನು ಇವತ್ತು ಸಾಗರದ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಬಣ್ಣವಾಗಿ ಕೊಡುತ್ತಾರೆ. ಮೊದಲ ಸಲ ನೋಡಿದಾಗ ನಾನು ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಅಪ್ಪ ಇದ್ದಿದ್ದರೆ ತೋರಿಸಬೇಕಿತ್ತು.

ಇನ್ನೊಂದು ಗುರುತಿನ ವಿಷಯ. ಕಾಡಿನಲ್ಲಿ ಕರಿಗೇರು ಎಂಬ ಮರವಿದೆ, ಗೋಡಂಬಿಯ ಗೇರಲ್ಲ. ಅದರ ಕಾಯಿಯ ಸೊನೆಯನ್ನು ಸೂಜಿಮೊನೆಯಲ್ಲಿ ಬಟ್ಟೆಯ ಮೂಲೆಗೆ ಚುಚ್ಚಿ ಸುಣ್ಣ ಸವರಿದರೆ ಕಪ್ಪು ಗುರುತು ಬೀಳುತ್ತದೆ. ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಒಂದೊಂದು ಮನೆಗೆ ಒಂದೊಂದು ಚಿಹ್ನೆ: ಎರಡು ಚುಕ್ಕೆ, ಚುಕ್ಕೆಯ ಮೇಲೊಂದು ಗೆರೆ, ಮೂರು ಗೆರೆ. ಓದು ಬಾರದ ಅಪ್ಪನಿಗೆ ನೂರಾರು ಮನೆಗಳ ಚಿಹ್ನೆ ಬಾಯಿಪಾಠ. ಪರವೂರಿನವರ ಬಟ್ಟೆಗೆ ಅವರು ಬೇರೆ ಗುರುತು ಹಾಕುತ್ತಿರಲಿಲ್ಲ, ಎಲ್ಲರಿಗೂ ಒಂದೇ ಕೊಕ್ಕೆ. "ದಾರೀಲಿ ಹೋಗೋರಿಗೆ ಒಂದೇ ಮನೆ" ಅನ್ನುತ್ತಿದ್ದರು. ಆ ಸೊನೆ ಚರ್ಮ ಸುಡುತ್ತದೆ. ಅವರ ಬಲಗೈ ಹೆಬ್ಬೆರಳು ಸಾಯುವವರೆಗೂ ಕಪ್ಪಾಗಿಯೇ ಇತ್ತು.

ಊರಿನ ಮನೆಗಳು ಅಪ್ಪನಿಗೆ ವರ್ಷಕ್ಕೆ ಇಷ್ಟು ಕೊಳಗ ಎಂದು ಭತ್ತ ಅಳೆಯುತ್ತಿದ್ದವು. ಹಬ್ಬಕ್ಕೆ ಊಟ, ಮದುವೆಗೆ ವೀಳ್ಯ. ಮಗು ಹುಟ್ಟಿದಾಗ, ಯಾರಾದರೂ ತೀರಿಕೊಂಡಾಗ ಮಡಿ ಒದಗಿಸುವುದು ನಮ್ಮ ಹಕ್ಕು, ದೇವರು ಹೊರಟಾಗ ಮುಂದೆ ನಡೆಮಡಿ ಹಾಸುವುದೂ ನಮ್ಮ ಹಕ್ಕು. ಆದರೆ ಬ್ರಾಹ್ಮಣರ ಮನೆಯಲ್ಲಿ ನಾವು ಒಗೆದು ತಂದ ಬಟ್ಟೆ ಮಡಿಯಲ್ಲ. ಅದನ್ನು ಅವರು ಮತ್ತೆ ನೀರಿಗೆ ಅದ್ದಿ, ಯಾರೂ ಮುಟ್ಟದ ಎತ್ತರದ ಗಳದ ಮೇಲೆ ಕೋಲಿನಿಂದ ಹರವಬೇಕು, ಆಮೇಲೆ ಅದು ಮಡಿ. ಹೆಸರಿನಲ್ಲೇ ಮಡಿ ಇಟ್ಟುಕೊಂಡವರ ಕೈ ತಾಗಿದರೆ ಮಡಿ ಕೆಡುತ್ತದೆ ಎಂಬುದನ್ನು ಹುಡುಗನಾಗಿದ್ದಾಗ ನಾನು ನುಂಗಿಕೊಂಡೆ. ದೊಡ್ಡವನಾದ ಮೇಲೆ ನುಂಗಲು ಆಗಲಿಲ್ಲ. ಅದಕ್ಕಾಗಿಯೇ ಅಪ್ಪ ನನ್ನನ್ನು ಓದಿಸಿದರೋ ಏನೋ.

ನಮ್ಮ ಮನೆಗೆ ನಗದು ಕಾಸು ತಂದವರು ದಾರಿಹೋಕರು. ಊರವನು ಭತ್ತ ಕೊಡುತ್ತಾನೆ, ಮತ್ತೆ ಬಾರದವನು ಕಾಸು ಕೊಡಲೇಬೇಕು. ತೀರ್ಥಹಳ್ಳಿಗೆ ವರ್ಷಕ್ಕೊಮ್ಮೆ ಅಂಥವರು ಸಾವಿರಗಟ್ಟಲೆ ಬರುವುದು ಎಳ್ಳಮಾವಾಸ್ಯೆ ಜಾತ್ರೆಗೆ. ತಾಯಿಯನ್ನು ಕೊಂದ ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಯಾವ ತೀರ್ಥದಲ್ಲಿ ತೊಳೆದರೂ ಹೋಗದೆ, ಕೊನೆಗೆ ಇಲ್ಲಿನ ತುಂಗೆಯಲ್ಲಿ ಹೋಯಿತಂತೆ. ಆ ಜಾಗವೇ ರಾಮತೀರ್ಥ, ಊರಿನ ಹೆಸರಿನ ತೀರ್ಥವೂ ಅದೇ. ಅಲ್ಲಿ ಅಮಾವಾಸ್ಯೆಯ ದಿನ ಮುಳುಗು ಹಾಕಲು ಜನ ಸೇರುತ್ತಾರೆ. ಮರುದಿನ ರಾಮೇಶ್ವರನ ತೇರು, ಅದರ ಮರುದಿನ ತೆಪ್ಪ. ಅಪ್ಪ ಈ ಕಥೆಯನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು: "ಊರೂರು ಅಲೆದು ಕಲೆ ತೊಳೀಲಿಕ್ಕೆ ಇಲ್ಲಿಗೆ ಬಂದೋನು ಅವ್ನು. ನಮ್ಮ ಮೊದಲ್ನೇ ಗಿರಾಕಿ."

ಜಾತ್ರೆಯ ಕಾಲ ಡಿಸೆಂಬರ್ ಕೊನೆ ಇಲ್ಲವೆ ಜನವರಿ. ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಹೊಳೆಯಲ್ಲಿ ನೀರು ತಗ್ಗಿ ಬಂಡೆಗಳು ಎದ್ದಿರುತ್ತವೆ. ಬೆಳಗಿನ ಮಂಜು ಹರಿದ ಮೇಲೆ ಆ ಬಂಡೆ ಕಾಯುತ್ತದೆ. ಮಧ್ಯಾಹ್ನಕ್ಕೆ ನದಿಯ ಎರಡೂ ದಡದಲ್ಲಿ ಸೀರೆ, ಪಂಚೆ, ಧೋತರ ಹರವಿಕೊಂಡು ಬಂಡೆಯೇ ಕಾಣುತ್ತಿರಲಿಲ್ಲ. ಹೆಚ್ಚಿನವರು ತಮ್ಮ ಬಟ್ಟೆ ತಾವೇ ಹಿಂಡಿಕೊಳ್ಳುವ ಬಡವರು. ಒಬ್ಬರು ಒಂದು ಚುಂಗು, ಇನ್ನೊಬ್ಬರು ಇನ್ನೊಂದು ಚುಂಗು ಹಿಡಿದು ಗಾಳಿಗೆ ಎದುರಾಗಿ ನಿಲ್ಲುತ್ತಿದ್ದರು. ಹೆಂಗಸರು ಸೀರೆಯ ಅರ್ಧ ಉಟ್ಟು ಉಳಿದರ್ಧ ಒಣಗಿಸಿಕೊಂಡು, ಆಮೇಲೆ ಅದನ್ನು ಉಟ್ಟು ಮೊದಲಿನದನ್ನು ಒಣಗಿಸುತ್ತಿದ್ದರು. ಕಾಸಿದ್ದವರು ಅಪ್ಪನ ಹತ್ತಿರ ಬರುತ್ತಿದ್ದರು. ಕೆಂಪು ಧೂಳಿನ ದಾರಿಯಲ್ಲಿ ಗಾಡಿಯ ಹಿಂದೆ ನಡೆದು ಬಂದವರ ಪಂಚೆಗೆ ಕಬ್ಬಿಣದಂಶದ ಆ ಮಣ್ಣು ಕಚ್ಚಿಕೊಂಡಿರುತ್ತಿತ್ತು. ನಿಂಬೆರಸ, ಉಪ್ಪು ಉಜ್ಜಿ ಬಿಸಿಲಿಗಿಟ್ಟು ಎರಡನೆಯ ಸಲ ಒಗೆಯಬೇಕು. ಮೂರು ದಿನದ ಆ ದುಡಿಮೆಯ ಕಾಸಿನಲ್ಲಿ ನಮ್ಮ ಮನೆಗೆ ವರ್ಷದ ಉಪ್ಪು, ಸೀಮೆಎಣ್ಣೆ, ನನ್ನ ಪುಸ್ತಕ ಬರುತ್ತಿತ್ತು. ಹುಂಚದ ಪದ್ಮಾವತಿಯ ದರ್ಶನಕ್ಕೆ ಬರುವ ಜೈನ ಯಾತ್ರಿಕರಿಗೆ ಮುತ್ತಿನ ಕೆರೆ ಇತ್ತು, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಇತ್ತು. ನಮ್ಮ ನೆಂಟರು ಅಲ್ಲಿಗೂ ಗಂಟು ಹೊತ್ತು ಹೋಗುತ್ತಿದ್ದರು.

ಮೇಷ್ಟ್ರಾದ ಮೇಲೆ ನಾನು ಈ ಸೀಮೆಗೆ ಹಿಂದೆ ಬಂದು ಹೋದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಟಲಿಯ ಪಿಯೆತ್ರೊ ಡೆಲ್ಲ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ, ಸಾಗರದ ಮೂಲಕ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಅದು ನವೆಂಬರ್ ತಿಂಗಳು. ಟಿಪ್ಪುವಿನ ಪತನದ ನಂತರ ಕಂಪನಿ ಸರಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗ ನೋಡಿಕೊಂಡು ಹೋದದ್ದು 1801ರ ಮಾರ್ಚ್‌ನಲ್ಲಿ. ಇಬ್ಬರೂ ಬಿಸಿಲು ಹಿಡಿದು ಬಂದವರು. ಮಳೆಗಾಲದ ಘಟ್ಟದಲ್ಲಿ ಹೇರೆತ್ತು ಕೂಡ ಕಾಲಿಡುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ದಾರಿ ನಡೆದವರೆಂದರೆ ತಪ್ಪಿಸಿಕೊಳ್ಳಲಾಗದ ಬಡವರು: ಹರಕಾರ, ಸೂಲಗಿತ್ತಿ, ಸಾವಿನ ಸುದ್ದಿ ಹೊತ್ತವನು, ಕೂಲಿಯವನು. ಅವರು ಪುಸ್ತಕ ಬರೆಯಲಿಲ್ಲ. ಆದ್ದರಿಂದ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಮಲೆನಾಡಿನ ದಾರಿ ಯಾವಾಗಲೂ ಒಣಗಿಯೇ ಇರುತ್ತದೆ. ಒದ್ದೆ ಬಟ್ಟೆಯ ಚರಿತ್ರೆಯನ್ನು ನಾನು ಬಚ್ಚಲುಮನೆಗಳಲ್ಲಿ, ಮುದುಕಿಯರ ಬಾಯಲ್ಲಿ ಕೇಳಬೇಕಾಯಿತು.

ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಕಂಬಳಿ. ಮಲೆನಾಡಿನಲ್ಲಿ ಕುರಿಯಿಲ್ಲ, ಕಂಬಳಿ ಬಯಲುಸೀಮೆಯ ಕುರುಬರ ಮಗ್ಗದಿಂದ ಬರಬೇಕು. ಕೊಪ್ಪೆ ಹಾಕಿದರೆ ಕೊಡೆ, ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ. ಉಣ್ಣೆಯ ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ. ಬಟ್ಟೆ ಮಡಚಿ ತಲೆಯ ಮೇಲಿಟ್ಟು, ಮೇಲೆ ಕೊಪ್ಪೆ ಎಳೆದುಕೊಂಡು, ಲಂಗೋಟಿಯಲ್ಲಿ ದಾರಿ ನಡೆದು, ಹೋಗಬೇಕಾದ ಮನೆಯ ದಣಪೆಯ ಹತ್ತಿರ ಒಣಪಂಚೆ ಉಟ್ಟುಕೊಳ್ಳುವುದು ತೀರಾ ಸಾಮಾನ್ಯವಾಗಿತ್ತು. ಕಂಬಳಿಗೆ ಮೈಲಿಗೆಯೂ ಇಲ್ಲ ಎಂದು ಶಾಸ್ತ್ರದವರೇ ಒಪ್ಪಿದ್ದರು. ರೇಷ್ಮೆಗೂ ಅಷ್ಟೇ. ದಿನಾ ಒಗೆದು ಒಣಗಿಸಿದ ಹತ್ತಿಯೇ ಬೇಕೆಂದು ಹಟ ಹಿಡಿದರೆ ಆಷಾಢದಲ್ಲಿ ಪೂಜೆಯೇ ನಿಲ್ಲುತ್ತದೆ. ಅದಕ್ಕೇ ಪುರೋಹಿತರು ಪ್ರಯಾಣಕ್ಕೆ ಒಂದು ಪಟ್ಟೆಮಡಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಮಳೆ ಶಾಸ್ತ್ರವನ್ನೂ ಇಷ್ಟು ಬಗ್ಗಿಸಿತು.

ಮಳೆಯಲ್ಲೇ ಬಂದ ದೊಡ್ಡವರೂ ಉಂಟು. ಗಾಂಧೀಜಿ ತೀರ್ಥಹಳ್ಳಿಗೂ ಸಾಗರಕ್ಕೂ ಬಂದದ್ದು 1927ರ ಆಗಸ್ಟ್‌ನಲ್ಲಿ, ಖಾದಿಗೆ ನಿಧಿ ಕೂಡಿಸುವ ಪ್ರವಾಸದಲ್ಲಿ. ಸಾಗರದವರೆಗೆ ಬಂದೂ ಅವರು ಜೋಗ ನೋಡಲು ಹೋಗಲಿಲ್ಲ ಎಂಬುದನ್ನು ಕಾಕಾ ಕಾಲೇಲಕರರು ಬರೆದಿದ್ದಾರೆ. ಎಲ್ಲರೂ ಆ ಮಾತನ್ನೇ ನೆನೆಯುತ್ತಾರೆ. ನನಗೆ ನೆನಪಾಗುವುದು ಆಗಸ್ಟ್ ತಿಂಗಳು, ಮತ್ತು ಕೈನೂಲಿನ ದಪ್ಪ ಖಾದಿ. ಮಲೆನಾಡಿನ ಆಗಸ್ಟ್‌ನಲ್ಲಿ ಖಾದಿ ಉಟ್ಟು ಊರೂರು ಸುತ್ತುವ ವ್ರತ ಎಂಥದ್ದು ಎಂಬುದು ಅದನ್ನು ಹಿಂಡಿದ ಕೈಗೆ ಗೊತ್ತು. ಗಿರಣಿಯ ಪಂಚೆ ಒಂದು ರಾತ್ರಿಗೆ ಒಣಗಿದರೆ ಖಾದಿಗೆ ಎರಡು ರಾತ್ರಿಯ ಕುಂಟೆ ಬೇಕು. ನಮ್ಮ ಸೀಮೆಯ ಚಳವಳಿಗಾರರು ಅದನ್ನು ಬಿಡದೆ ಉಟ್ಟರು.

1940ರ ಹೊತ್ತಿಗೆ ಶಿವಮೊಗ್ಗದ ಮೀಟರ್‌ಗೇಜ್ ರೈಲು ಸಾಗರ ದಾಟಿ ತಾಳಗುಪ್ಪಕ್ಕೆ ಮುಟ್ಟಿತು. ಕಾಲುದಾರಿಯ ಕೆಸರು ತಪ್ಪಿತು, ಎಂಜಿನ್ನಿನ ಇದ್ದಲ ಪುಡಿ ಬಂತು. ಬಿಳಿ ಅಂಗಿ ತೊಟ್ಟು ಕಿಟಕಿಯ ಪಕ್ಕ ಕೂತವನ ತೋಳು ಸಾಗರ ಮುಟ್ಟುವಷ್ಟರಲ್ಲಿ ಬೂದುಬಣ್ಣ. ಅದೇ ರೈಲಿನಲ್ಲಿ ಬಾರ್ ಸೋಪೂ ಬಂತು. ಸನ್‌ಲೈಟ್ 1888ರಲ್ಲೇ ಕಲ್ಕತ್ತೆಯ ಬಂದರಿಗೆ ಬಂದಿಳಿದಿತ್ತು, ನಮ್ಮ ಪೇಟೆಯ ಅಂಗಡಿಗಳಲ್ಲಿ 501 ಸೋಪಿನ ಉದ್ದನೆಯ ಬಾರನ್ನು ದಾರದಿಂದ ಕೊಯ್ದು ಎರಡು ಬೆರಳಗಲದ ತುಂಡು ಮಾರುತ್ತಿದ್ದರು. ಪ್ರಯಾಣಿಕನಿಗೆ ಆ ತುಂಡೇ ಸ್ವಾತಂತ್ರ್ಯ. ಬೂದಿತಿಳಿ ಇಳಿಸಲು ಒಂದು ರಾತ್ರಿ, ಒಂದು ಮಡಕೆ, ಒಂದು ಮನೆ ಬೇಕು. ಸೋಪಿನ ತುಂಡು ಜೇಬಿನಲ್ಲಿ ಕೂರುತ್ತದೆ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧಿತರಾದರು. ಮಳೆ ಹಿಡಿಯುವ ಹೊತ್ತು. ಅಪ್ಪನ ಪ್ರಕಾರ ಅದಕ್ಕೂ ಮೊದಲು ಗೇಣಿದಾರರು ಬಿಳಿ ಒಗೆದ ಪಂಚೆಯನ್ನು ಕಾಲು ಮುಚ್ಚುವಂತೆ ಉಟ್ಟು ಒಡೆಯರ ಅಂಗಳಕ್ಕೆ ಹೋಗಲು ಹಿಂಜರಿಯುತ್ತಿದ್ದರು. ಸತ್ಯಾಗ್ರಹದ ವರ್ಷ ಸಾಗರದಲ್ಲಿದ್ದ ನಮ್ಮ ನೆಂಟರೊಬ್ಬರ ಮನೆಗೆ ಹಳ್ಳಿಯ ಹುಡುಗರು ಬಂದು, ಒಂದೇ ಒಂದು ಪಂಚೆ ಕೊಟ್ಟು, ಒಗೆದು ಇಸ್ತ್ರಿ ಮಾಡಿಕೊಡಿ, ನಾಳೆ ನನ್ನ ತಂಡದ ಸರದಿ ಎನ್ನುತ್ತಿದ್ದರಂತೆ. ಜೈಲಿಗೆ ಹೋಗುವ ದಿನ ಬಿಳಿ ಪಂಚೆ ಉಡಬೇಕೆಂಬ ಆಸೆ. ಆ ನೆಂಟರು ಅವರಿಂದ ಕಾಸು ತೆಗೆದುಕೊಳ್ಳಲಿಲ್ಲ. ನಮ್ಮ ಮನೆತನದ ಕಸುಬಿನ ಬಗ್ಗೆ ನನಗೆ ಇರುವ ಹೆಮ್ಮೆಯಲ್ಲಿ ದೊಡ್ಡ ಪಾಲು ಈ ಒಂದು ಸಂಗತಿಯದು.

ನನ್ನ ನೌಕರಿಯ ಮೂವತ್ತಾರು ವರ್ಷ ಈ ಮೂರು ತಾಲ್ಲೂಕುಗಳಲ್ಲೇ ಕಳೆಯಿತು. ಶರಾವತಿಯ ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಮುಗಿದ ಮೇಲೆ ಹಿನ್ನೀರಿನಾಚೆ ಉಳಿದುಹೋಗಿದ್ದ ಊರುಗಳಿಗೂ ಹೋದೆ, ಲಾಂಚಿಗೆ ಕಾಯುತ್ತಾ ಎಷ್ಟೋ ಬಟ್ಟೆ ದಡದ ಒಣಗಿದ ಮರದ ಬೊಡ್ಡೆಗಳ ಮೇಲೆ ಒಣಗಿಸಿಕೊಂಡೆ. ಎರಡೇ ಜೊತೆ ಬಟ್ಟೆಯಲ್ಲಿ ಸುತ್ತುವವನಿಗೆ ಕೆಲವು ವಿದ್ಯೆ ಬರಲೇಬೇಕು. ಒಗೆದ ಪಂಚೆಯನ್ನು ಒಣಪಾಣಿಪಂಚೆಯೊಳಗೆ ಸುರುಳಿ ಸುತ್ತಿ, ಒಂದು ತುದಿ ಕಂಬಕ್ಕೆ ಸಿಕ್ಕಿಸಿ ತಿರುಚಿದರೆ ಅರ್ಧ ನೀರು ಹೋಗುತ್ತದೆ. ಆಮೇಲೆ ಗಳ. ಸ್ವಲ್ಪ ಹಸಿ ಇರುವಾಗಲೇ ಮಡಚಿ ಚಾಪೆಯಡಿಗಿಟ್ಟು ಮಲಗಿದರೆ ಇಸ್ತ್ರಿ. ಇನ್ನೂ ಗೆರೆ ಬೇಕೆಂದರೆ ತಂಬಿಗೆಗೆ ಕೆಂಡ ತುಂಬಿ ಅದರ ತಳದಿಂದ ಉಜ್ಜುವುದು. ಬಿಸಿಲಿನ ದಿನವಾದರೆ ಒದ್ದೆ ಪಂಚೆಯನ್ನು ಕೊಡೆಯ ಮೇಲೆ ಹರವಿ ನಡೆಯುವುದು, ಎರಡು ಮೈಲಿಗೆ ಒಣಗುತ್ತದೆ.

ಆಮೇಲೆ ಟೆರಿಕಾಟ್ ಬಂತು. 1978ರಲ್ಲಿ ನಾನು ಮೊದಲ ಟೆರಿಕಾಟ್ ಅಂಗಿ ಹೊಲಿಸಿದೆ. ರಾತ್ರಿ ಒಗೆದು ಕೊಡವಿ ನೇತುಹಾಕಿದರೆ ಜುಲೈನಲ್ಲೂ ಬೆಳಿಗ್ಗೆಗೆ ತೊಡಬಹುದು, ಬೆಂಕಿಯೇ ಬೇಡ. ಮೇಷ್ಟ್ರಾಗಿ ನಾನು ಅದರ ಕಾರಣವನ್ನೂ ಮಕ್ಕಳಿಗೆ ಹೇಳಿಕೊಟ್ಟೆ: ಹತ್ತಿ ಸಾಧಾರಣ ಗಾಳಿಯಿಂದಲೇ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವ ಹೀರಿ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ನೂರಕ್ಕೆ ಅರ್ಧವನ್ನೂ ಹೀರುವುದಿಲ್ಲ. ಆ ಅಂಗಿ ಅಪ್ಪನಿಗೆ ತೋರಿಸಿದಾಗ ಅವರು ಅದನ್ನು ನೀರಿಗೆ ಅದ್ದಿ, ಎತ್ತಿ, ಹನಿ ಜಾರುವುದನ್ನು ನೋಡಿದರು. "ಇದಕ್ಕೆ ಉಬ್ಬೆ ಹಾಕೋ ಹಾಗಿಲ್ಲ, ಸುಟ್ಟು ಹೋಗ್ತದೆ" ಎಂದರು. ಬೇರೇನೂ ಹೇಳಲಿಲ್ಲ. ಅದೇ ಕಾಲಕ್ಕೆ ನಿರ್ಮಾ ಪುಡಿ ಬಂತು, ಪ್ಲಾಸ್ಟಿಕ್ ಬಕೆಟ್ಟು ಬಂತು. ಭತ್ತ ಅಳೆಯುವ ಮನೆಗಳು ಒಂದೊಂದಾಗಿ ನಿಂತವು. ಅಪ್ಪನ ಕೊನೆಯ ಗಿರಾಕಿಗಳು ಪೇಟೆಯ ಲಾಡ್ಜಿನ ಬೆಡ್‌ಶೀಟುಗಳು.

ಹತ್ತಿಯನ್ನೇ ನಂಬಿ ತಿರುಗುವ ಜನ ಆಮೇಲೂ ಉಳಿದರು. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ನಮ್ಮ ಘಟ್ಟದ ಮೇಲೂ ನಡೆಯುತ್ತದೆ. ರಾತ್ರಿಯಿಡೀ ಕುಣಿದು ಬೆವರಿನಲ್ಲಿ ನೆಂದ ವೇಷವನ್ನು ಒಗೆಯುವಂತಿಲ್ಲ, ಬಿಸಿಲಿಗೆ ಬಿಚ್ಚಿ ಹರವಬೇಕು ಅಷ್ಟೇ. ಆಟ ಆಡಿಸಿದ ಮನೆಯ ಅಂಗಳದಲ್ಲಿ ಅಡಿಕೆಯ ಪಕ್ಕ ವೇಷದ ಬಟ್ಟೆ ಒಣಗುತ್ತಿರುವಾಗ ಕಲಾವಿದರು ಒಳಗೆ ಮಲಗಿರುತ್ತಾರೆ. ಎದ್ದ ಮೇಲೆ ತಮ್ಮ ಪಂಚೆ, ಬನಿಯನ್ನು ಅಬ್ಬಿಯಲ್ಲಿ ಹಿಂಡಿಕೊಂಡು ಮುಂದಿನ ಊರು. ಹೆಗ್ಗೋಡಿನ ನೀನಾಸಮ್ 1985ರಲ್ಲಿ ನಾಟಕದ ತಿರುಗಾಟ ಶುರುಮಾಡಿದ ಮೇಲೆ ನನ್ನ ಶಿಷ್ಯನೊಬ್ಬ ಆ ತಂಡದಲ್ಲಿ ಒಂದು ವರ್ಷ ನಾಡೆಲ್ಲ ಸುತ್ತಿ ಬಂದ. ಮಳೆ ಮುಗಿದ ಮೇಲೆ ಹೊರಟು, ತಿಂಗಳುಗಟ್ಟಲೆ ದಿನಕ್ಕೊಂದು ಊರು. ಶಾಲೆ, ಕಲ್ಯಾಣಮಂಟಪ, ಯಾರದೋ ಮನೆಯ ಜಗಲಿ. ಅವನು ಹೇಳಿದ: "ಊರಿಗಿಳಿದ ತಕ್ಷಣ ನಾವು ರಂಗ ಎಲ್ಲಿ ಅಂತ ಕೇಳ್ತಿರಲಿಲ್ಲ ಸರ್, ಬಾವಿ ಎಲ್ಲಿ ಅಂತ ಕೇಳ್ತಿದ್ವಿ." ಬಯಲುಸೀಮೆಯಲ್ಲಿ ಬಿಸಿಲು ಬೇಕಾದಷ್ಟು, ನೀರಿಗೆ ಕೊಡದ ಲೆಕ್ಕ. ಮಲೆನಾಡಿನ ಹುಡುಗನಿಗೆ ಜೀವನದಲ್ಲಿ ಮೊದಲ ಬಾರಿಗೆ ಒಂದೇ ಬಕೆಟ್ ನೀರಿನಲ್ಲಿ ಎರಡು ಜೊತೆ ಒಗೆಯುವುದು ಗೊತ್ತಾಯಿತು. ಮೊದಲು ಬನಿಯನ್ನು, ಆಮೇಲೆ ಅಂಗಿ, ಕೊನೆಗೆ ಪ್ಯಾಂಟು, ಉಳಿದ ನೀರು ಕಾಲಿಗೆ. ಈ ಕ್ರಮವನ್ನು ಅವನು ಊರಿಗೆ ಬಂದ ಮೇಲೂ ಬಿಡಲಿಲ್ಲ, ಅಬ್ಬಿಯ ಕೆಳಗೆ ಕೂತು ಕೂಡ.

1975ರ ಆ ಮನೆಯ ಮಾತು ಅರ್ಧಕ್ಕೇ ಬಿಟ್ಟೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದರೆ ನನ್ನ ಪಂಚೆ ಗಳದ ಮೇಲಿರಲಿಲ್ಲ. ಆ ಅಮ್ಮ ಅದನ್ನು ಇಳಿಸಿ, ಇಲ್ಲಣ ಕೊಡವಿ, ನಾಲ್ಕು ಮಡಿಕೆ ಮಾಡಿ ಜಗಲಿಯಲ್ಲಿಟ್ಟಿದ್ದರು. ಉಂಬಳದ ಕಲೆಯಿದ್ದ ಅಂಚನ್ನು ರಾತ್ರಿ ನಾನು ಮಲಗಿದ ಮೇಲೆ ತಣ್ಣೀರಿನಲ್ಲಿ ಉಜ್ಜಿದ್ದರು. ಕಾಫಿ ಕೊಡುವಾಗ ಕೇಳಿದರು: "ಯಾರ ಮನೆ ಹುಡುಗ ನೀನು?" ಹೇಳಿದೆ. ಹೇಳಿ ಕಾದೆ. ಆ ಎರಡು ಕ್ಷಣ ನನಗೆ ಇಂದಿಗೂ ಮರೆತಿಲ್ಲ. ನನ್ನ ಬಟ್ಟೆ ಅವರ ಮನೆಯವರ ಬಟ್ಟೆಯ ಜೊತೆ ಒಂದೇ ಗಳದಲ್ಲಿ ರಾತ್ರಿ ಕಳೆದಿತ್ತು. ಅವರು ಲೋಟ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ನಾ ಮಡಚಿದ್ದು ನಿಂಗೆ ಸರಿ ಕಾಣ್ಲಿಕ್ಕಿಲ್ಲ" ಎಂದರು. ಆಮೇಲೆ, "ಶನಿವಾರ ಊರಿಗೆ ಹೋಗುವಾಗ ಇಲ್ಲೇ ಇಳೀರಿ ಮಾಷ್ಟ್ರೇ." ಆ ಮನೆಯಲ್ಲಿ ನಾನು ಮುಂದಿನ ನಾಲ್ಕು ಮಳೆಗಾಲ ಬಟ್ಟೆ ಒಣಗಿಸಿಕೊಂಡೆ.

ನಮ್ಮ ಮನೆಯಲ್ಲಿ ಈಗ ಸೋಲಾರ್ ಇದೆ, ವಾಷಿಂಗ್ ಮೆಷಿನ್ ಇದೆ. ಮಳೆಗಾಲದಲ್ಲಿ ಸೋಲಾರ್‌ಗೆ ಬಿಸಿಲಿಲ್ಲ, ಮೆಷಿನ್ನಿನಿಂದ ತೆಗೆದ ಬಟ್ಟೆಗೂ ಗಾಳಿ ಒಣಗಿರಬೇಕು. ಹಾಗಾಗಿ ಹಂಡೆ ಒಲೆಯನ್ನು ನಾನು ಕೆಡವಲು ಬಿಡಲಿಲ್ಲ. ಹೋದ ಆಗಸ್ಟ್‌ನಲ್ಲಿ ಕವಲೇದುರ್ಗ ಹತ್ತಿ ಬಂದ ಕಾಲೇಜು ಹುಡುಗ ಒಬ್ಬ ಬೈಕು ಕೆಟ್ಟು ನಮ್ಮ ಅಂಗಳದಲ್ಲಿ ನಿಂತ. ಉಳಿದುಕೊಂಡಿದ್ದ ಲಾಡ್ಜಿನಲ್ಲಿ ರೂಮಿನೊಳಗೆ ಬಟ್ಟೆ ಒಗೆಯಬಾರದು ಎಂದು ಬರೆದಿದ್ದರಂತೆ, ಮೂರು ದಿನದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದ. ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ. ಎಲ್ಲವನ್ನೂ ಮತ್ತೊಮ್ಮೆ ಒಗೆಸಿ ಗಳಕ್ಕೆ ಹಾಕಿಸಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮುಟ್ಟಿ ನೋಡಿದರೆ ಟೀಶರ್ಟುಗಳು ಬೆಚ್ಚಗೆ ಒಣಗಿದ್ದವು, ಜೀನ್ಸಿನ ಸೊಂಟ, ಜೇಬು ಇನ್ನೂ ಹಸಿ. ಜೇಬುಗಳನ್ನು ಹೊರಗೆಳೆದು ತಿರುಗಿಸಿ ಹಾಕಿದೆ, ಒಲೆಗೆ ಇನ್ನೊಂದು ಕುಂಟೆ ನೂಕಿದೆ. ಹುಡುಗ ಇನ್ನೂ ಮಲಗಿದ್ದ.